ಪಚ್ಚಿಲೆ ಪಾದೆಯ ಅಜ್ಜ ಮನೆಗೆ ಹೋದದ್ದು

ಭಾನುವಾರ ಸಂಜೆ ನಮ್ಮ ಸಿಟಿ ಬಸ್ಸುಗಳಲ್ಲಿ ಈ ದೃಶ್ಯ ನೀವೂ ನೋಡಿರಬಹುದು. ಬೀಚಿಗೆ ಹೋಗಿ ಬಂದ ಒಂದು ಸಂಸಾರ. ಎಲ್ಲರ ಕಾಲಲ್ಲೂ ಮರಳು. ತಾಯಿಯ ಮಡಿಲಲ್ಲಿ ಒಂದು ನೀರಿನ ಬಾಟಲಿ. ಬಾಟಲಿಯೊಳಗೆ ಬೆರಳುದ್ದದ ಮೀನು, ಎರಡು ಶಂಖ, ಒಂದು ಸಣ್ಣ ಏಡಿ. ಕೇಳಿದರೆ, "ಪಾಪ, ಬಂಡೆಯ ಗುಂಡಿಯಲ್ಲಿ ಸಿಕ್ಕಿ ಹಾಕಿಕೊಂಡಿತ್ತು. ಮನೆಯಲ್ಲಿ ಸಾಕ್ತೇವೆ" ಅನ್ನುತ್ತಾರೆ. ಬುಧವಾರದೊಳಗೆ ಮೀನು ಕಸದ ಗಾಡಿ ಹತ್ತಿರುತ್ತದೆ. ಹಸಿ ಕಸಕ್ಕೋ ಒಣ ಕಸಕ್ಕೋ ಎಂಬುದಷ್ಟೇ ಆಮೇಲಿನ ಚರ್ಚೆ.

ಯಾರನ್ನೂ ಬೈಯಲಿಕ್ಕೆ ಇದನ್ನು ಹೇಳುತ್ತಿಲ್ಲ. ಪ್ರೀತಿಯಿಂದಲೇ ತರುತ್ತಾರೆ. ದೇರೆಬೈಲಿನ ಅಕ್ಕು ಅವರ ಮಗ ಕಮಲೇಶನೂ ಪ್ರೀತಿಯಿಂದಲೇ ತಂದದ್ದು. ಆ ಕಥೆ ಕೇಳಿ.

ಅಕ್ಕು ಹುಟ್ಟಿದ್ದು, ಮದುವೆಯಾದದ್ದು, ಮಗನನ್ನು ಹೆತ್ತದ್ದು ಎಲ್ಲ ಬೆಂಗ್ರೆಯಲ್ಲಿ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಇವರ ಮನೆ. ಮಂಡಿ ಕೈಕೊಟ್ಟ ಮೇಲೆ ಡಾಕ್ಟರಿಗೂ ಹತ್ತಿರ, ಸೊಸೆ ಮೋಕ್ಷಾಳ ಕೆಲಸಕ್ಕೂ ಹತ್ತಿರ ಅಂತ ಎಲ್ಲರೂ ಪೇಟೆಯ ದೇರೆಬೈಲಿನಲ್ಲಿ ಒಂದು ಕಟ್ಟಡದ ಮೂರನೇ ಮಾಳಿಗೆಗೆ ಬಂದರು. ಲಿಫ್ಟ್ ಇಲ್ಲ. ಕಿಟಕಿ ತೆಗೆದರೆ ಕಾಣುವುದು ಪಕ್ಕದ ಕಟ್ಟಡದ ಟ್ಯಾಂಕ್.

"ಅದೂ ನೀರೇ ಅಲ್ವಾ ಅತ್ತೆ?" ಎಂದು ಮೋಕ್ಷಾ ತಮಾಷೆ ಮಾಡುತ್ತಾಳೆ.

"ಹೌದು ಮಾರಾಯ್ತಿ. ಉಪ್ಪು ಹಾಕಿ ಕೊಡು, ಮುಳುಗ್ತೇನೆ" ಎನ್ನುತ್ತಾರೆ ಅಕ್ಕು.

ಈ ವಯಸ್ಸಿನವರಿಗೆ ಕಾಶಿ, ತಿರುಪತಿ ನೋಡುವ ಆಸೆ ಇರುತ್ತದೆ. ಅಕ್ಕುಗೆ ಇದ್ದದ್ದು ಒಂದು ಗುಂಡಿ ನೋಡುವ ಆಸೆ. ಬೆಂಗ್ರೆಯಿಂದ ದೋಣಿಯಲ್ಲಿ ಹೋದರೆ ಕಡಲ ನಡುವೆ ಒಂದು ಪುಟ್ಟ ಕಲ್ಲಿನ ದ್ವೀಪ ಸಿಗುತ್ತದೆ. ಅದರ ಮೈತುಂಬ ಪಚ್ಚಿಲೆ ಚಿಪ್ಪು ಕಚ್ಚಿಕೊಂಡಿರುವುದರಿಂದ ಪಚ್ಚಿಲೆ ಪಾದೆ, ಅಂದರೆ ಪಚ್ಚಿಲೆ ಬಂಡೆ, ಅಂತ ಹೆಸರು. ನಕ್ಷೆಯಲ್ಲಿ ಹುಡುಕಬೇಡಿ, ಹೆಸರು ನಾನೇ ಇಟ್ಟದ್ದು. ನಿಜವಾದ ಹೆಸರು ಹೇಳಿದರೆ ನೀವು ಬರುವ ಭಾನುವಾರವೇ ಹೊರಡುವ ಪೈಕಿ.

ಅಕ್ಕು ಸಣ್ಣವರಿದ್ದಾಗ ಅವರ ಅಮ್ಮ ಪಚ್ಚಿಲೆ ಕೀಳಲಿಕ್ಕೆ ಅಲ್ಲಿಗೆ ಹೋಗುತ್ತಿದ್ದರು. ಮಗಳನ್ನು ದೋಣಿಯ ಆಕಾರದ ಒಂದು ಗುಂಡಿಯ ಅಂಚಿನಲ್ಲಿ ಕೂರಿಸಿ, "ಅಜ್ಜನನ್ನು ನೋಡ್ತಾ ಕೂತುಕೋ, ಏಳ್ಬೇಡ" ಎನ್ನುತ್ತಿದ್ದರು. ಅಜ್ಜ ಅಂದರೆ ಒಂದು ಮೀನು. ಕಲ್ಲಿನದೇ ಬಣ್ಣ, ದಪ್ಪ ಹಣೆ, ತಲೆಯ ಮೇಲೆ ಕಣ್ಣು. ಎದುರಿನ ಎರಡು ರೆಕ್ಕೆಯನ್ನು ಮೊಣಕೈಯ ಹಾಗೆ ಊರಿ, ಕನ್ನಡಕದ ಮೇಲಿಂದ ನೋಡುವ ಮುದುಕನಂತೆ ನೋಡುತ್ತಿತ್ತು. ಗುಂಡಿಯ ಗೋಡೆಯಲ್ಲಿ ಹೂವಿನ ಹಾಗೆ ಅರಳಿ, ಮುಟ್ಟಿದರೆ ಮುದುಡುವ ಕಡಲಹೂಗಳಿದ್ದವು. ಖಾಲಿ ಶಂಖದೊಳಗೆ ಮನೆ ಮಾಡಿಕೊಂಡ ಏಡಿಗಳಿದ್ದವು. ಅಮ್ಮ ಚಿಪ್ಪು ಕೀಳುವ ಶಬ್ದ ಟಕ್ ಟಕ್ ಅಂತ ಕೇಳುತ್ತಿರುವಷ್ಟು ಹೊತ್ತು ಅಕ್ಕುಗೆ ಹೆದರಿಕೆ ಇರಲಿಲ್ಲ.

ಅಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ಆ ಟಕ್ ಟಕ್ ಮಾತ್ರ ಅಕ್ಕುಗೆ ದೇರೆಬೈಲಿನ ಅಡುಗೆಮನೆಯಲ್ಲೂ ಕೇಳುತ್ತದೆ. ಪಲ್ಯಕ್ಕೆ ತರಕಾರಿ ಕೊಚ್ಚುತ್ತಾ ಕೊಚ್ಚುತ್ತಾ ಕೈ ನಿಂತುಬಿಡುತ್ತದೆ.

"ಒಮ್ಮೆ ಆ ಗುಂಡಿ ನೋಡ್ಬೇಕಿತ್ತು ಮಗಾ."

"ಈ ಮಂಡಿಯಲ್ಲಿ ಪಾದೆ ಹತ್ತುವುದು ಹೇಗಮ್ಮ? ಜಾರಿದರೆ ಎಂತ ಮಾಡುವುದು?"

ಕಮಲೇಶ ಬೆಂಗ್ರೆಯಲ್ಲಿ ದೋಣಿ ಇಟ್ಟುಕೊಂಡಿದ್ದಾನೆ. ರಜೆಯ ದಿನ ಪ್ರವಾಸಿಗಳನ್ನು ಪಾದೆಗೆ ಕರೆದುಕೊಂಡು ಹೋಗುವುದು ಅವನದೇ ದೋಣಿ. ಅಮ್ಮ ಗುಂಡಿಗೆ ಹೋಗಲಿಕ್ಕಾಗದಿದ್ದರೆ ಗುಂಡಿಯೇ ಅಮ್ಮನ ಹತ್ತಿರ ಬರಲಿ ಅಂತ ಅವನಿಗೆ ಹೊಳೆಯಿತು. ಹೊಳೆದದ್ದೇ ತಡ, ದೊಡ್ಡ ಗಾಜಿನ ತೊಟ್ಟಿ ತಂದ. ಭಾನುವಾರ ಕ್ಯಾನುಗಳಲ್ಲಿ ಕಡಲ ನೀರು, ಬಕೆಟಿನಲ್ಲಿ ಒಂದು ಚಪ್ಪಟೆ ಕಲ್ಲು, ಕಡಲಹೂ, ಶಂಖದ ಏಡಿಗಳು, ಮತ್ತೆ ದಪ್ಪ ಹಣೆಯ ಒಂದು ಮೀನು. ಎಲ್ಲ ಹೊತ್ತು ಮೂರು ಮಾಳಿಗೆ ಹತ್ತಿದ.

ತೊಟ್ಟಿಯ ಮುಂದೆ ಅಕ್ಕು ಕುರ್ಚಿ ಹಾಕಿಕೊಂಡು ಕೂತರು. ಮೀನು ಕಲ್ಲಿನ ಮೇಲೆ ಮೊಣಕೈ ಊರಿ ಅವರನ್ನು ನೋಡಿತು.

"ಅಜ್ಜ!" ಎಂದರು ಅಕ್ಕು. ಕಣ್ಣು ತುಂಬಿ ಬಂತು. ಅದೇ ಮೀನಲ್ಲ ಅಂತ ಅವರಿಗೂ ಗೊತ್ತು. ಅದರ ಮರಿಮಗನ ಮರಿಮಗನೋ ಏನೋ. ಆದರೂ ಮುಖ ಅದೇ ಅಲ್ಲವೇ? ಕಮಲೇಶನಿಗೆ ಇಡೀ ಕಡಲನ್ನೇ ಕೊಡದಲ್ಲಿ ತಂದಷ್ಟು ಖುಷಿ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಂಗಳವಾರ ಕಡಲಹೂ ಮುದುಡಿದ್ದು ಮತ್ತೆ ಅರಳಲಿಲ್ಲ. ಒಂದು ಏಡಿ ತನ್ನ ಶಂಖ ಬಿಟ್ಟು ಹೊರಗೆ ಬಂದು ಸತ್ತಿತ್ತು. ಮೋಕ್ಷಾ ಮೂಗು ಮುಚ್ಚಿಕೊಂಡೇ ಕೆಲಸಕ್ಕೆ ಹೋದಳು. ಇನ್ನು ಆ ಮೀನು. ಬೆಳಿಗ್ಗೆ ಕಲ್ಲಿನಡಿ ಸುಮ್ಮನಿದ್ದದ್ದು, ತಿಂಡಿಯ ಪಾತ್ರೆ ತೊಳೆಯುವ ಹೊತ್ತಿಗೆ ಹೊರಗೆ ಬಂದು ಗಾಜಿಗೆ ಮೂಗು ಗುದ್ದಲು ಶುರುಮಾಡಿತು. ಮೇಲೆ ಹೋಗುತ್ತದೆ, ಸುತ್ತುತ್ತದೆ, ಮತ್ತೆ ಗುದ್ದುತ್ತದೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸುಮ್ಮನಾಯಿತು.

"ಹಸಿವೆ ಇರ್ಬೇಕು" ಎಂದ ಕಮಲೇಶ.

ಬುಧವಾರವೂ ಹಾಗೆಯೇ. ಆದರೆ ಪಾತ್ರೆ ತೊಳೆಯುವಾಗ ಅಲ್ಲ, ಗಂಜಿ ಬೇಯುವಾಗ. ಅಕ್ಕು ಒಲೆ ಸಣ್ಣ ಮಾಡಿ ಬಂದು ನಿಂತರು. ನಿನ್ನೆಗಿಂತ ಸ್ವಲ್ಪ ತಡ. ದಿನದಿಂದ ದಿನಕ್ಕೆ ಹೀಗೆ ಸ್ವಲ್ಪ ಸ್ವಲ್ಪ ತಡವಾಗಿ ಬರುವುದು ಯಾವುದು? ಮೀನುಗಾರರ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೇ? ಅವರು ಬೆಂಗ್ರೆಯಲ್ಲಿರುವ ಅಣ್ಣ ಕಿಟ್ಟುಗೆ ಫೋನ್ ಮಾಡಿದರು.

"ಅಣ್ಣಾ, ಅಲ್ಲಿ ಈಗ ನೀರು ಎಂತ ಮಾಡ್ತಾ ಉಂಟು?"

"ಎಂತ ಮಾಡ್ಲಿಕ್ಕೆ? ಭರತ. ಏರ್ತಾ ಉಂಟು. ಯಾಕೆ?"

ಅಕ್ಕು ಫೋನ್ ಕಿವಿಗೆ ಹಿಡಿದೇ ತೊಟ್ಟಿಯ ಕಡೆ ತಿರುಗಿದರು. ಮೀನು ಗಾಜಿಗೆ ಗುದ್ದುತ್ತಲೇ ಇತ್ತು. ಮೂರು ಮಾಳಿಗೆ ಮೇಲೆ, ಕಡಲು ಕಾಣದ ಕೋಣೆಯಲ್ಲಿ, ಕಡಲು ಏರಿದ್ದು ಅದಕ್ಕೆ ಗೊತ್ತಾಗಿತ್ತು. ತನಗೂ ಇಷ್ಟು ದಿನ ಹೀಗೇ ಆಗುತ್ತಿದ್ದದ್ದು ಎಂದು ಅಕ್ಕುಗೆ ಅನಿಸಿತು.

ಆ ಸಂಜೆ ಕೆಳಗಿನ ಮನೆಯ ಟಾನ್ಯಾಳನ್ನು ಕರೆಸಿದರು. ಟಾನ್ಯಾ ಕಡಲ ಜೀವಿಗಳ ಬಗ್ಗೆ ಕಾಲೇಜಿನಲ್ಲಿ ಕಲಿಸುವವಳು. ಅಕ್ಕು ಮಾಡುವ ಬಂಗುಡೆ ಪುಳಿಮುಂಚಿ ಸಾರಿಗೆ ಕಾಯಂ ಗಿರಾಕಿ. ತೊಟ್ಟಿ ನೋಡಿದ್ದೇ ಅವಳ ಮುಖ ಇಳಿಯಿತು.

"ಇದನ್ನು ಎಲ್ಲಿಂದ ತಂದದ್ದು ಕಮಲೇಶಣ್ಣ?"

"ಪಾದೆಯಿಂದ. ಗುಂಡಿಯಲ್ಲಿ ಸಿಕ್ಕಿ ಹಾಕಿಕೊಂಡಿತ್ತಲ್ಲ? ನೀರು ಇಳಿಯುವಾಗ ಹೋಗ್ಲಿಕ್ಕೆ ಆಗ್ಲಿಲ್ಲ, ಪಾಪ."

"ಸಿಕ್ಕಿ ಹಾಕಿಕೊಂಡದ್ದಲ್ಲ. ಅದು ಅದರ ಮನೆ. ನೀರು ಏರಿದಾಗ ಈ ಜಾತಿಯ ಮೀನು ಹೊರಗೆ ಹೋಗ್ತದೆ, ಬಂಡೆಯ ಮೇಲೆಲ್ಲ ತಿರುಗಿ ಹೊಟ್ಟೆ ತುಂಬಿಸಿಕೊಳ್ತದೆ. ಯಾವ ಗುಂಡಿ ಎಲ್ಲುಂಟು ಅಂತ ಆಗಲೇ ನೋಡಿ ನೆನಪಿಟ್ಟುಕೊಳ್ತದೆ. ಇಳಿತ ಶುರುವಾದ ಕೂಡಲೇ ಸೀದಾ ತನ್ನ ಗುಂಡಿಗೆ ವಾಪಸ್. ದೂರ ಬಿಟ್ಟರೂ ಹುಡುಕಿಕೊಂಡು ಬಂದದ್ದುಂಟು."

"ಹಾಗಾದರೆ ಈಗ ಗುದ್ದುವುದು?" ಅಕ್ಕು ಕೇಳಿದರು.

"ಹೊರಗೆ ಹೋಗುವ ಹೊತ್ತಾಯಿತು ಅಂತ ಅದರ ಮೈ ಹೇಳ್ತದೆ ಆಂಟಿ. ತೊಟ್ಟಿಯಲ್ಲಿಟ್ಟರೂ ಕೆಲವು ದಿನ ಆ ಲೆಕ್ಕ ತಪ್ಪುವುದಿಲ್ಲ."

"ಆಮೇಲೆ?"

ಟಾನ್ಯಾ ಬಗ್ಗಿ ತೊಟ್ಟಿಯ ನೀರು ಮೂಸಿ ನೋಡಿದಳು. "ಈ ನೀರು ಕೆಡ್ತಾ ಉಂಟು. ತುಂಬ ದಿನ ಬದುಕ್ಲಿಕ್ಕಿಲ್ಲ."

"ವಾಪಸ್ ಬಿಟ್ಟು ಬರುವ" ಎಂದರು ಅಕ್ಕು. ಆಸೆಪಟ್ಟು ಆಸೆಪಟ್ಟು ಕಂಡ ಮುಖ ಅದು.

ಮರುದಿನ ಕಿಟ್ಟು ಬಂದರು. ಕಿಟ್ಟು ಅಂದರೆ ಸಾಮಾನ್ಯರಲ್ಲ, ದೊಡ್ಡ ಬೋಟಿನಲ್ಲಿ ತಂಡೇಲರಾಗಿದ್ದವರು. ತಂಡೇಲರೆಂದರೆ ಬೋಟು ನಡೆಸುವ ಯಜಮಾನರು. ಆ ಗತ್ತು ಇನ್ನೂ ಇಳಿದಿಲ್ಲ. ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕರು.

"ಅಲ್ಲ ಮಾರಾಯ್ತಿ, ಸಾರಿಗೂ ಆಗದ ಮೀನು! ಇದಕ್ಕೆ ದೋಣಿ ಇಳಿಸುವುದಾ? ಅಳಿವೆಯ ಹತ್ತಿರ ಬಿಡು. ಕಡಲೆಲ್ಲ ಒಂದೇ."

"ಒಂದೇ ಅಲ್ಲ ಅಂಕಲ್" ಎಂದಳು ಟಾನ್ಯಾ. "ಅಳಿವೆಯಲ್ಲಿ ಹೊಳೆಯ ನೀರು, ಬರೀ ಮರಳು. ಇದಕ್ಕೆ ಕಲ್ಲು ಬೇಕು, ತನ್ನ ಗುಂಡಿ ಬೇಕು. ನಿಮ್ಮನ್ನು ಬೆಂಗ್ರೆಗೆ ಅಂತ ಹೇಳಿ ಮಣ್ಣಗುಡ್ಡದಲ್ಲಿ ಇಳಿಸಿದರೆ ಆದೀತಾ? ಊರೆಲ್ಲ ಒಂದೇ ಅಲ್ವಾ?"

"ಮೊಗವೀರನಿಗೆ ಮೀನಿನ ಪಾಠವಾ?" ಕಿಟ್ಟು ಮೀಸೆ ತಿರುವಿದರು. "ಒಂದು ಮೀನು ತೆಗೆದರೆ ಕಡಲು ಬತ್ತುವುದಿಲ್ಲ."

ಅಷ್ಟರಲ್ಲಿ ಅಕ್ಕು ಮಗನನ್ನು ಕೇಳಿದರು, "ಯಾವ ಗುಂಡಿಯಿಂದ ತೆಗೆದೆ?"

ಕಮಲೇಶ ತಲೆ ತಗ್ಗಿಸಿದ. "ನೀನು ಹೇಳ್ತಿದ್ದೆಯಲ್ಲಮ್ಮ, ದೋಣಿಯ ಹಾಗಿನದ್ದು. ಅದರಿಂದಲೇ ತಂದರೆ ನಿನಗೆ ಖುಷಿ ಆಗ್ತದೆ ಅಂತ..."

ಅಮ್ಮ ತನ್ನನ್ನು ಕೂರಿಸುತ್ತಿದ್ದ ಗುಂಡಿ. ಅದನ್ನೇ ಬರಿದು ಮಾಡಿ ತಂದಿದ್ದಾನೆ. ಅಕ್ಕು ಸಿಟ್ಟು ಮಾಡಲಿಲ್ಲ. "ನಾನೂ ಬರ್ತೇನೆ" ಎಂದು ಮಾತ್ರ ಹೇಳಿದರು. ಕಿಟ್ಟು ತಂಗಿಯ ಮುಖ ನೋಡಿ, ನೀರು ಇಳಿಯುವ ಹೊತ್ತಿನ ಲೆಕ್ಕ ಹಾಕತೊಡಗಿದರು.

ಶುಕ್ರವಾರ, ಹುಣ್ಣಿಮೆಯ ಮರುದಿನ, ಬೆಳಿಗ್ಗೆ ನೀರು ಚೆನ್ನಾಗಿ ಇಳಿದಿತ್ತು. ದೋಣಿಯಿಂದ ಪಾದೆಗೆ ಅಕ್ಕು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಣ್ಣನೂ ಮಗನೂ ಎತ್ತಿಕೊಂಡರು.

"ನಿನ್ನ ಮದುವೆಯ ದಿನವೂ ನಿನ್ನನ್ನು ಹೀಗೆ ಹೊತ್ತಿರ್ಲಿಲ್ಲ" ಎಂದು ಕಿಟ್ಟು ಏದುಸಿರು ಬಿಟ್ಟರು. ಹಿಂದಿನಿಂದ ಟಾನ್ಯಾ ಒದ್ದೆ ಬಟ್ಟೆ ಮುಚ್ಚಿದ ಬಕೆಟ್ ಹಿಡಿದು ಬಂದಳು.

ಪಾದೆ ಅಕ್ಕುಗೆ ಗುರುತೇ ಸಿಗಲಿಲ್ಲ. ಎಲ್ಲಿ ನೋಡಿದರೂ ಮಗುಚಿ ಬಿದ್ದ ಕಲ್ಲುಗಳು. ಕಲ್ಲಿನ ಅಡಿಮೈ ಎಂದರೆ ಸಣ್ಣ ಜೀವಗಳ ಮನೆ. ಅಲ್ಲಿ ಮೊಟ್ಟೆ, ಹುಳ, ಮರಿ ಏಡಿ ಎಲ್ಲ ನೆರಳಲ್ಲಿ, ತೇವದಲ್ಲಿ ಬದುಕುತ್ತವೆ. ಅದು ಈಗ ಆಕಾಶ ನೋಡುತ್ತಾ ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು. ಗುಂಡಿಗಳಲ್ಲಿ ಚಿಪ್ಸಿನ ಪ್ಯಾಕೆಟ್. ಒಂದು ಶಂಖವೂ ಇಲ್ಲ, ಎಲ್ಲ ಯಾರ್ಯಾರದೋ ಶೋಕೇಸಿಗೆ ಹೋಗಿವೆ. ಒಂದು ಏಡಿ ಬಾಟಲಿಯ ಮುಚ್ಚಳದೊಳಗೆ ಬೆನ್ನು ತೂರಿಸಿಕೊಂಡು ಓಡಿತು.

"ಇದು ಯಾರು ಮಾಡಿದ್ದು?" ಎಂದರು ಅಕ್ಕು.

"ನಾನು ಕರೆತಂದವರೇ" ಎಂದ ಕಮಲೇಶ. "ಒಬ್ಬೊಬ್ಬರು ಒಂದೊಂದು ಕಲ್ಲು ಎತ್ತಿ ನೋಡ್ತಾರೆ. ಒಬ್ಬೊಬ್ಬರು ಒಂದೊಂದು ಮೀನು. ಜಾಸ್ತಿ ಯಾರೂ ತೆಗೆಯುವುದಿಲ್ಲಮ್ಮ."

ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಹನಿ ಹನಿಯಾಗಿ ಹೋದರೆ ಹಳ್ಳ ಬತ್ತುವುದೂ ನಿಜ. ಅದನ್ನು ಮಾತ್ರ ಯಾರೂ ಗಾದೆ ಮಾಡಲಿಲ್ಲ.

ಅಕ್ಕು ಮಗನ ಕೈ ಹಿಡಿದು ದೋಣಿಯಾಕಾರದ ಗುಂಡಿಯ ಅಂಚಿನಲ್ಲಿ ಕೂತರು. ಕಲ್ಲು ಸವೆದು ಕೂರಲು ಹೇಳಿ ಮಾಡಿಸಿದಂತಿದ್ದ ಆ ಜಾಗ ಮಾತ್ರ ಹಾಗೆಯೇ ಇತ್ತು. ಒಳಗೆ ತಿಳಿನೀರು, ಬರೀ ನೀರು.

"ನನ್ನ ಅಮ್ಮ ಸಹ ಇಲ್ಲಿಂದ ಪಚ್ಚಿಲೆ ತೆಗೆಯುತ್ತಿದ್ದರು ಮಗಾ. ದೊಡ್ಡದನ್ನು ಮಾತ್ರ, ಸಾರಿಗೆ ಬೇಕಾದಷ್ಟು. ಸಣ್ಣದನ್ನು ಮುಟ್ಟುತ್ತಿರ್ಲಿಲ್ಲ. ಅಡ್ಡ ಬಂದ ಕಲ್ಲು ಎತ್ತಿದರೆ, ಎತ್ತಿದವರೇ ಮೊದಲಿನ ಹಾಗೆ ಮಲಗಿಸ್ಬೇಕು ಅಂತ ಅವರ ಕಟ್ಟಳೆ. ಮಗುವನ್ನು ಮಲಗಿಸುವ ಹಾಗೆ, ಮೆಲ್ಲ. ನಾನು ಅದನ್ನು ನಿನಗೆ ಹೇಳಿಯೇ ಇರ್ಲಿಲ್ಲ, ಅಲ್ವಾ?"

ಕಮಲೇಶ ದೇರೆಬೈಲಿನಿಂದ ವಾಪಸ್ ತಂದಿದ್ದ ಚಪ್ಪಟೆ ಕಲ್ಲನ್ನು ನೀರಿಗಿಳಿಸಿ, ಅಡಿಮೈ ಕೆಳಗೆ ಮಾಡಿ ಮೆಲ್ಲನೆ ಮಲಗಿಸಿದ. ಟಾನ್ಯಾ ಗುಂಡಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬಕೆಟಿಗೆ ಹಾಕಿ, ಮೀನೂ ಉಳಿದ ಏಡಿಗಳೂ ಒಗ್ಗಿದ ಮೇಲೆ ಬಕೆಟ್ ವಾಲಿಸಿದಳು. ಮೀನು ಒಂದು ಕ್ಷಣ ನಿಂತಿತು. ಮತ್ತೆ ಕಲ್ಲಿನಡಿಗೆ ಹೋದದ್ದು ಹೊರಗೆ ಬರಲೇ ಇಲ್ಲ.

ಪಕ್ಕದ ಗುಂಡಿಗೆ ಬಗ್ಗಿ ನೋಡುತ್ತಿದ್ದ ಕಿಟ್ಟು ಒಮ್ಮೆಲೇ ಕೂಗಿದರು. "ಹೋಯ್, ಇದು ಮುರು ಮೀನಿನ ಮರಿ! ಅಷ್ಟು ದೊಡ್ಡ ಮೀನಿನ ಮರಿಗೆ ಇಲ್ಲಿ ಎಂತ ಕೆಲಸ?"

"ಅಂಗನವಾಡಿಗೆ ಬಂದಿದೆ ಅಂಕಲ್" ಎಂದಳು ಟಾನ್ಯಾ. "ದೊಡ್ಡ ಮೀನುಗಳ ಬಾಯಿಗೆ ಸಿಗದ ಹಾಗೆ ಇಲ್ಲಿ ಬೆಳೆದು ಆಮೇಲೆ ಆಳಕ್ಕೆ ಹೋಗ್ತವೆ. ಅಂಗನವಾಡಿ ಮುರಿದ ಮೇಲೆ ಬಲೆಗೆ ಮುರು ಬೀಳುವುದಿಲ್ಲ ಅಂದರೆ ಹೇಗೆ?"

ಇಡೀ ಆಯುಷ್ಯ ಈ ಪಾದೆಯ ಪಕ್ಕದಲ್ಲೇ ಬೋಟು ಓಡಿಸಿದವರು ಕಿಟ್ಟು. ಒಂದು ದಿನವೂ ಇಳಿದು ನೋಡಿದ್ದಿಲ್ಲ. ಅವರು ಮೀಸೆಯ ಮೇಲೆ ಕೈಯಿಡಲಿಲ್ಲ. ಲುಂಗಿ ಎತ್ತಿ ಕಟ್ಟಿ, ಗೊಣಗುತ್ತಾ ಮಗುಚಿದ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ಇಡತೊಡಗಿದರು. ಟಕ್, ಟಕ್. ಅಕ್ಕು ಕಣ್ಣು ಮುಚ್ಚಿ ಆ ಶಬ್ದ ಕೇಳಿಸಿಕೊಂಡರು.

ಬಿಸಿಲೇರಿತು, ಭರತ ಶುರುವಾಯಿತು. ಮೊದಲ ಅಲೆಯ ನೀರು ಅಂಚು ದಾಟಿ ಗುಂಡಿಗೆ ಬಿತ್ತು. ಆಗ ಕಲ್ಲಿನಡಿಯಿಂದ ಅಜ್ಜ ಬಂದ. ಅಂಚಿನಲ್ಲಿ ಮೊಣಕೈ ಊರಿ, ಅಕ್ಕು ಕೂತಲ್ಲಿಂದ ಕೈಯಳತೆಯಲ್ಲಿ, ಮುಂದಿನ ಅಲೆಗೆ ಕಾದ. ಅಕ್ಕು ಉಸಿರು ಹಿಡಿದು ನೋಡಿದರು, ಕೈ ಚಾಚಲಿಲ್ಲ. ಎರಡನೇ ಅಲೆ ಬಂತು. ಅದು ಹಿಂದೆ ಸರಿಯುವಾಗ ಅಂಚಿನಲ್ಲಿ ಯಾರೂ ಇರಲಿಲ್ಲ.

"ವಾಪಸ್ ಬರುವುದನ್ನು ನೋಡ್ಬೇಕು" ಎಂದರು ಅಕ್ಕು.

"ಇಳಿತಕ್ಕೆ ಸಂಜೆ ಆಗ್ತದಮ್ಮ. ಈಗ ಹೊರಡದಿದ್ದರೆ ಪಾದೆಯೇ ಮುಳುಗ್ತದೆ."

ದೋಣಿಯಲ್ಲಿ ಅವರು ಹಿಂದಕ್ಕೆ ಮುಖ ಮಾಡಿ ಕೂತರು. ಪಾದೆ ಸಣ್ಣದಾಗುತ್ತಾ ಹೋಗಿ ಅಲೆಗಳಲ್ಲಿ ಕಾಣದಾಯಿತು.

ಈಗ ಕಮಲೇಶನ ದೋಣಿಗೆ ಹತ್ತುವವರ ಖಾಲಿ ಬಾಟಲಿ, ಕವರು ಎಲ್ಲ ದಡದಲ್ಲೇ ಇಡಬೇಕು. "ನೋಡಿ, ಬಗ್ಗಿ ನೋಡಿ, ಎಷ್ಟು ಬೇಕಾದರೂ ನೋಡಿ. ತೆಗೆಯಬೇಡಿ" ಎನ್ನುತ್ತಾನೆ. ಒಂದು ತಂಡ ಸಿಟ್ಟು ಮಾಡಿ ಬೇರೆ ದೋಣಿ ಹುಡುಕಿಕೊಂಡು ಹೋಯಿತು. ಆ ಬೇರೆ ದೋಣಿಯವನಿಗೆ ಪಾಠ ಹೇಳುವ ಕೆಲಸವನ್ನು ಈಗ ಕಿಟ್ಟು ವಹಿಸಿಕೊಂಡಿದ್ದಾರೆ, ಮೀಸೆ ಸಮೇತ.

ನಿಮ್ಮಲ್ಲೂ ಒಂದು ಮಾತು. ಬಂಡೆಯ ಗುಂಡಿಯಲ್ಲಿ ಕಂಡ ಮೀನು ಸಿಕ್ಕಿ ಹಾಕಿಕೊಂಡದ್ದಲ್ಲ, ಮನೆಯಲ್ಲಿದೆ. ಅದನ್ನು ಉಳಿಸುತ್ತೇವೆಂದು ತರಬೇಡಿ, ಬೇರೆ ಕಡೆ ಬಿಡಲೂ ಬೇಡಿ. ಖಾಲಿ ಶಂಖ ಖಾಲಿಯಲ್ಲ, ನಾಳೆ ಬರುವ ಏಡಿಯ ಬಾಡಿಗೆ ಮನೆ ಅದು. ಹವಳ, ಕಡಲಸೌತೆ ಎಂಬ ಜೀವಿ, ಕೆಲವು ಜಾತಿಯ ಶಂಖಗಳನ್ನು ತೆಗೆದರಂತೂ ಕಾನೂನೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಗುಂಡಿಯೊಳಗೆ ಕಾಲಿಡಬೇಡಿ, ಅಂಚಿನಲ್ಲಿ ಕೂತು ನೋಡಿ. ಮಕ್ಕಳು ಕಲ್ಲು ಎತ್ತಿದರೆ ಗದರಬೇಡಿ, ಎತ್ತಿದವರೇ ಮಲಗಿಸಬೇಕು ಅಂತ ಕಲಿಸಿ. ಮನೆಗೆ ತರಲೇಬೇಕು ಅಂತಿದ್ದರೆ ನಿಮ್ಮ ಚಿಪ್ಸಿನ ಪ್ಯಾಕೆಟ್ ತನ್ನಿ.

ಮತ್ತೆ ನೋಡಬೇಕು ಅನಿಸುತ್ತದೆಯೇ? ಅನಿಸಲಿ. ಆ ಹಂಬಲ ಇದ್ದರೆ ತಾನೇ ಮತ್ತೆ ಹೋಗುವುದು? ಹೋದಾಗ ಅಲ್ಲಿ ಏನಾದರೂ ಇರಬೇಕು, ಅಷ್ಟೇ.

ದೇರೆಬೈಲಿನ ಗಾಜಿನ ತೊಟ್ಟಿಯಲ್ಲಿ ಮೋಕ್ಷಾ ಈಗ ಈರುಳ್ಳಿ ಹಾಕಿಡುತ್ತಾಳೆ. ಆ ದಿನ ಪಾದೆಯಿಂದ ಬಂದ ಅಕ್ಕು ಸಂಜೆ ಚಾಕ್ಕೆ ನೀರಿಟ್ಟು, ಟ್ಯಾಂಕ್ ಕಾಣುವ ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದರು.

"ಎಂತ ನೋಡುವುದು ಅತ್ತೆ?"

"ಇಳಿತ ಆಯ್ತು" ಎಂದರು ಅಕ್ಕು. "ಈಗ ಮನೆಗೆ ಬಂದಿರಬಹುದು."